ಉದ್ರಿ ಪುಸ್ತಕದಿಂದ ಹುಟ್ಟಿದ ಕಥೆ

ಬರೆಯುವವರಿಗೆ ಉಳಿದವರಿಗಿಂತ ಭಾವನೆ ಹೆಚ್ಚು ಅಂತ ಒಂದು ನಂಬಿಕೆ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಮುಂಬಯಿಯ ಬೆಳಗಿನ ಫಾಸ್ಟ್ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಸಿಎಸ್‌ಎಂಟಿವರೆಗೆ ನನ್ನ ಪಕ್ಕ ನಿಂತು ಬರುವ ಹೆಂಗಸರಿಗೆ ಎಷ್ಟು ದುಃಖ, ಎಷ್ಟು ಸಿಟ್ಟು, ಎಷ್ಟು ಆಸೆ ಇದೆಯೋ ನನಗೂ ಅಷ್ಟೇ ಇರುವುದು. ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು, ಯಾವ ಪಾತ್ರದ ಕೈಗೆ ಕೊಡಬೇಕು ಎಂದು ನೋಡುವ ಕೆಲಸ ಮಾತ್ರ ನನ್ನ ಪಾಲಿಗೆ ಹೆಚ್ಚಿಗೆ ಬಂದಿದೆ. ಆ ಕೆಲಸವನ್ನು ನಾನು ಕಲಿತದ್ದು ಅಪ್ಪ ತೀರಿಕೊಂಡ ಮೇಲೆ, ಅಪ್ಪನದೇ ಒಂದು ಉದ್ರಿ ಪುಸ್ತಕದಿಂದ. ಆ ಪುಸ್ತಕದಿಂದ ಹುಟ್ಟಿದ ನನ್ನ ಕಥೆಯನ್ನು ಹೇಗೆ ಬರೆದಿರಿ ಎಂದು ನಮ್ಮ ಮುಂಬಯಿಯ ಕನ್ನಡ ಕೂಟಗಳಲ್ಲಿ ಹೊಸದಾಗಿ ಬರೆಯುತ್ತಿರುವ ಹೆಣ್ಣುಮಕ್ಕಳು ಆಗಾಗ ಕೇಳುತ್ತಾರೆ. ನಿಂತಲ್ಲೇ ಎರಡು ಮಾತಿನಲ್ಲಿ ಹೇಳಿ ಮುಗಿಸುವುದು ನನಗೆ ಸರಿ ಕಾಣಲಿಲ್ಲ. ಅವರಿಗೆಂದು ವಿವರವಾಗಿ ಬರೆಯುತ್ತಿದ್ದೇನೆ.

ಅಪ್ಪ ಕಾರ್ಕಳದ ಕಡೆಯವರು. ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು ಹೋಟೆಲಿನಲ್ಲಿ ಕಪ್ಪು ಬಶಿ ತೊಳೆದರು, ಟೇಬಲ್ ಒರೆಸಿದರು, ರಾತ್ರಿ ಕನ್ನಡ ಶಾಲೆಗೆ ಹೋದರು. ನಮ್ಮ ಕಡೆಯ ಎಷ್ಟೋ ಗಂಡಸರು ಬಂದ ದಾರಿ ಇದೇ. ಹಗಲಿಡೀ ನೀರಿನಲ್ಲಿ ನೆಂದ ಬೆರಳುಗಳಿಂದ ರಾತ್ರಿ ಕಾಪಿ ಬರೆಯುತ್ತಿದ್ದ ಆ ಹುಡುಗರಿಗೆ ಮುಂಬಯಿಯ ರಾತ್ರಿ ಶಾಲೆಗಳು ಕೊಟ್ಟದ್ದನ್ನು ನಾನು ಯಾವತ್ತೂ ಮರೆಯಲಾರೆ. ಅಪ್ಪನ ದುಂಡಗಿನ ಅಕ್ಷರ ಬಂದದ್ದು ಅಲ್ಲಿಂದ. ಆಮೇಲೆ ಸಪ್ಲೈಯರ್ ಆಗಿ, ಕೊನೆಗೆ ಲಾಲ್‌ಬಾಗಿನ ಒಂದು ಹೋಟೆಲಿನಲ್ಲಿ ಗಲ್ಲಾದ ಹಿಂದೆ ನಿಲ್ಲುವಲ್ಲಿಗೆ ಬಂದರು. ಹೋಟೆಲು ಬೇರೆಯವರದು, ಅಪ್ಪ ಮ್ಯಾನೇಜರ್. ಆದರೆ ಉದ್ರಿ ಪುಸ್ತಕ ಅಪ್ಪನದು. ಯಾರಿಗೆ ಉದ್ರಿ ಕೊಡಬೇಕು, ಯಾರಿಗೆ ಬೇಡ ಎನ್ನುವ ತೀರ್ಮಾನವನ್ನು ಮಾಲೀಕರು ಅವರಿಗೆ ಬಿಟ್ಟಿದ್ದರು.

ಲಾಲ್‌ಬಾಗ್, ಪರೇಲ್, ಚಿಂಚ್‌ಪೋಕಳಿ ಎಂದರೆ ಆಗ ಮುಂಬಯಿಯ ಬಟ್ಟೆ ಗಿರಣಿಗಳ ಊರು. ಬೆಳಿಗ್ಗೆ ಭೋಂಗಾ, ಅಂದರೆ ಗಿರಣಿಯ ಸೈರನ್, ಕೂಗುವ ಮುಂಚೆ ಒಂದು ಹಿಂಡು, ಪಾಳಿ ಬಿಟ್ಟ ಮೇಲೆ ಇನ್ನೊಂದು ಹಿಂಡು ಚಹಾಕ್ಕೆ ಬರುತ್ತಿತ್ತು. ಹೆಚ್ಚಿನವರು ರತ್ನಾಗಿರಿ, ಸಾತಾರ ಕಡೆಯವರು. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದು ಚಾಳಿನ ಒಂದೇ ಖೋಲಿಯಲ್ಲಿ ಹತ್ತಾರು ಜನ ಪಾಳಿಯ ಮೇಲೆ ಮಲಗುತ್ತಿದ್ದವರು. ಊಟ ಖಾನಾವಳಿಯಲ್ಲಿ, ಚಹಾ ತಿಂಡಿ ನಮ್ಮವರ ಹೋಟೆಲಿನಲ್ಲಿ. ಪಗಾರ ಆದ ದಿನ ಬಾಕಿ ಚುಕ್ತಾ ಆಗುತ್ತಿತ್ತು, ಮರುದಿನದಿಂದ ಹೊಸ ಪುಟ.

1982ರ ಜನವರಿ 18ರಂದು ಗಿರಣಿ ಕಾರ್ಮಿಕರ ಮುಷ್ಕರ ಶುರುವಾಯಿತು. ಕಾರ್ಮಿಕ ನಾಯಕ ದತ್ತಾ ಸಾಮಂತರ ಹಿಂದೆ ಸುಮಾರು 2.5 ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿ ಹೊರಗೆ ಬಂದರು. ಒಂದೆರಡು ತಿಂಗಳಲ್ಲಿ ಮುಗಿದೀತು ಎಂದುಕೊಂಡದ್ದು ಮುಗಿಯಲೇ ಇಲ್ಲ. ಮುಷ್ಕರವನ್ನು ಹಿಂತೆಗೆದುಕೊಂಡಿದ್ದೇವೆ ಎಂದು ಯಾರೂ ಅಧಿಕೃತವಾಗಿ ಹೇಳಿದ್ದಿಲ್ಲ. ಗಿರಣಿಗಳು ಒಂದೊಂದಾಗಿ ಸುಮ್ಮನಾದವು, ಜನ ಊರಿಗೆ ಹೋದರು, ತರಕಾರಿ ಮಾರಿದರು, ವಾಚ್‌ಮನ್ ಆದರು. ನಾನು ಆಗ ಚಿಕ್ಕವಳು. ಅಪ್ಪ ರಾತ್ರಿ ಬೇಗ ಮನೆಗೆ ಬರಲು ಶುರು ಮಾಡಿದ್ದು ನನಗೆ ಖುಷಿ ಕೊಟ್ಟಿತ್ತು.

ಅಪ್ಪ ತೀರಿಕೊಂಡದ್ದು ಬಹಳ ಕಾಲದ ನಂತರ, ವಯಸ್ಸಾಗಿ, ಕಾಯಿಲೆ ಬಿದ್ದು. ಅಷ್ಟರಲ್ಲಿ ನನ್ನ ಕಥೆಗಳು ಅಲ್ಲಿ ಇಲ್ಲಿ ಅಚ್ಚಾಗಿದ್ದವು. ಅಪ್ಪನ ಬಗ್ಗೆ ಬರೆಯಬೇಕು ಎನ್ನುವ ಒತ್ತಡ ಹನ್ನೆರಡನೆಯ ದಿನದ ಕೆಲಸ ಮುಗಿಯುವುದಕ್ಕೂ ಮೊದಲೇ ನನ್ನೊಳಗೆ ಶುರುವಾಗಿತ್ತು. ಇದನ್ನು ಹೇಳಲು ಸಂಕೋಚವಿಲ್ಲ. ಬರೆಯುವವರೆಲ್ಲರಿಗೂ ಇದು ಗೊತ್ತು. ಮನೆಯಲ್ಲಿ ಹೆಣ ಇರುವಾಗಲೂ ಕಣ್ಣು ತನ್ನ ಪಾಡಿಗೆ ನೋಡುತ್ತಿರುತ್ತದೆ, ಯಾರ ಚಪ್ಪಲಿ ಎಲ್ಲಿ ಬಿದ್ದಿದೆ, ಯಾವ ಅತ್ತೆ ಎಷ್ಟು ಹೊತ್ತಿಗೆ ಚಹಾ ಕೇಳಿದಳು ಎಂದು. ಅದನ್ನು ಕಲ್ಲೆದೆ ಅಂದುಕೊಳ್ಳಬೇಡಿ. ಆ ಕಣ್ಣು ಆಗ ನಮ್ಮನ್ನು ನಿಲ್ಲಿಸಿ ಹಿಡಿದುಕೊಂಡಿರುತ್ತದೆ. ನನ್ನನ್ನಂತೂ ಹಿಡಿದುಕೊಂಡಿತು.

ಆ ದಿನಗಳಲ್ಲಿ ನಾನು ಬರೆದದ್ದು ಕಥೆಯಾಗಿರಲಿಲ್ಲ. ಬ್ಯಾಂಕಿನ ಹಳೆಯ ಡೈರಿಯೊಂದರಲ್ಲಿ ತಾರೀಕು ಹಾಕಿ, ಆ ದಿನ ನನ್ನ ಮೈ ಏನು ಮಾಡಿತು ಎಂಬುದನ್ನಷ್ಟೇ ಬರೆಯುತ್ತಿದ್ದೆ. ಅಕ್ಕಿ ತೊಳೆಯುವಾಗ ಮೂರು ಜನರಿಗೆ ಬದಲು ನಾಲ್ಕು ಜನರ ಅಕ್ಕಿ ಅಳೆದೆ. ಲೋಕಲಿನಲ್ಲಿ ಠಾಣೆ ಸ್ಟೇಷನ್ ಬಂದಾಗ ಕೂರಲು ಜಾಗ ಸಿಕ್ಕರೂ ಕೂರಲಿಲ್ಲ. ಆಫೀಸಿನಲ್ಲಿ ಕಂಪ್ಯೂಟರಿನ ಪಾಸ್‌ವರ್ಡ್ ಮರೆತುಹೋಯಿತು. ಹೀಗೆ. ಹೇಗನಿಸಿತು ಎಂದು ಬರೆಯುವುದಿಲ್ಲ ಎಂದು ನಿಯಮ ಹಾಕಿಕೊಂಡಿದ್ದೆ. ಈ ಡೈರಿಯ ಅಭ್ಯಾಸ ಈಗಲೂ ಇದೆ. ಮನಸ್ಸು ಕಾದಿರುವಾಗ ನಮ್ಮ ಭಾಷೆ ಬಹಳ ಬೇಗ ಸಿದ್ಧ ಮಾತುಗಳ ಕಡೆ ಓಡುತ್ತದೆ. ಶೂನ್ಯ, ಮೌನ, ಕಣ್ಣೀರು, ನೆನಪಿನ ಬುತ್ತಿ. ಇವು ಸುಳ್ಳಲ್ಲ, ಆದರೆ ಎಲ್ಲರ ಸಾವಿಗೂ ಒಂದೇ ಅಳತೆಯಲ್ಲಿ ಹೊಂದುತ್ತವೆ. ನಾಲ್ಕು ಜನರ ಅಕ್ಕಿ ಮಾತ್ರ ನಮ್ಮ ಮನೆಯದು.

ಅದೇ ಸಮಯದಲ್ಲಿ ಒಂದು ಕಥೆಯ ಕರಡನ್ನೂ ಹಿಡಿದಿದ್ದೆ. ಅದರ ಆರಂಭ ಹೀಗಿತ್ತು:

"ಅಪ್ಪನಿಲ್ಲದ ಮನೆಯಲ್ಲಿ ಮೌನ ಮಡುಗಟ್ಟಿತ್ತು. ಅವರು ಕೂರುತ್ತಿದ್ದ ಕುರ್ಚಿ ಖಾಲಿಯಾಗಿ ನನ್ನನ್ನೇ ನೋಡುತ್ತಿತ್ತು. ಎದೆಯೊಳಗಿನ ನೋವಿಗೆ ಹೆಸರಿರಲಿಲ್ಲ."

ಓದುವವರು ಮೆಚ್ಚಬಹುದಾದ ಸಾಲುಗಳೇ. ಒಂದಿಬ್ಬರು ಮೆಚ್ಚಿದರು ಕೂಡ. ಆದರೆ ಇದರಲ್ಲಿ ನಮ್ಮ ಅಪ್ಪ ಇರಲಿಲ್ಲ, ಯಾರ ಅಪ್ಪನೂ ಇರಲಿಲ್ಲ. ಅತ್ತದ್ದು ನಾನು, ನೋಡಿಕೊಂಡದ್ದೂ ನಾನು. ಓದುವವನಿಗೆ ಮಾಡಲು ಏನೂ ಉಳಿದಿರಲಿಲ್ಲ.

ಇಲ್ಲಿ ಒಂದು ಹಳೆಯ ಮಾತು ನೆನಪಿಗೆ ಬಂದು ನನ್ನ ಕೈ ಹಿಡಿಯಿತು. ಕೆಲಸ ಮಾಡುತ್ತಲೇ ಕಲೀನಾದಲ್ಲಿ, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಎಂ.ಎ. ಓದಿದವಳು ನಾನು. ಕಾವ್ಯಮೀಮಾಂಸೆಯ ಪಾಠದಲ್ಲಿ ಕ್ರೌಂಚದ ಪ್ರಸಂಗ ಬರುತ್ತದೆ. ಬೇಡನ ಬಾಣಕ್ಕೆ ಜೋಡಿಯಲ್ಲೊಂದು ಹಕ್ಕಿ ಬಿತ್ತು, ವಾಲ್ಮೀಕಿಯ ಶೋಕ ಶ್ಲೋಕವಾಯಿತು. ಕಾವ್ಯಮೀಮಾಂಸಕ ಆನಂದವರ್ಧನ ತನ್ನ ಗ್ರಂಥದಲ್ಲಿ ಇದನ್ನು ಎತ್ತಿ ಹೇಳುತ್ತಾನೆ. ಅದಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಶೋಕ ಮುನಿಯ ಸ್ವಂತದ್ದೆಂದು ತಿಳಿಯಬಾರದು ಅನ್ನುತ್ತಾನೆ. ಸ್ವಂತ ದುಃಖದಲ್ಲಿ ಮುಳುಗಿದವನಾಗಿದ್ದರೆ ಮುನಿ ದುಃಖಪಡುತ್ತಿದ್ದ, ಶ್ಲೋಕ ಹುಟ್ಟುತ್ತಿರಲಿಲ್ಲ. ಪರೀಕ್ಷೆಗೆಂದು ಬರೆದು ಕಲಿತ ಈ ಮಾತು ಅಪ್ಪನ ಕಥೆಯ ಎದುರು ಕೂತಾಗ ಕೆಲಸದ ಸೂಚನೆಯಾಗಿ ಕಂಡಿತು. ನನ್ನ ದುಃಖ ಇನ್ನೊಬ್ಬರ ಮೈಮೇಲೆ ಹೋಗಬೇಕು. ನನಗೆ ಒಂದು ಹಕ್ಕಿ ಬೇಕಿತ್ತು.

ಅದು ಸಿಕ್ಕಿದ್ದು ಅಮ್ಮನ ಕಪಾಟಿನಲ್ಲಿ. ಆಸ್ಪತ್ರೆಯ ಕಾಗದಗಳನ್ನು ಇಡಲು ಜಾಗ ಹುಡುಕುತ್ತಿದ್ದಾಗ ಕೆಳಗಿನ ಅರೆಯಲ್ಲಿ ಸೀರೆಗಳ ಅಡಿ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ ಸಿಕ್ಕಿತು. ಹೋಟೆಲು ಬಿಟ್ಟಾಗ ಅಪ್ಪ ಅದನ್ನು ಮನೆಗೆ ತಂದಿದ್ದರಂತೆ. ಯಾಕೆ ತಂದರು ಎಂದು ಅಮ್ಮ ಕೇಳಿರಲಿಲ್ಲ.

ಪುಸ್ತಕದಲ್ಲಿ ಹೆಸರುಗಳೇ ಇರಲಿಲ್ಲ. ಗಿರಾಕಿಗಳನ್ನು ಅಪ್ಪ ತಮಗೆ ಗುರುತು ಸಿಗುವ ಹಾಗೆ ಬರೆದುಕೊಂಡಿದ್ದರು. "ಸಾಚಾ ಖಾತೆ ಕನ್ನಡಕ." ಸಾಚಾ ಖಾತೆ ಎಂದರೆ ಮಗ್ಗಗಳಿರುವ ವಿಭಾಗ. "ಸಾತಾರ ದೊಡ್ಡವ." "ಬೀಡಿ ಸೇದದವ." "ಭಜನೆ ಮಾಮ." ಒಂದು ಪುಟದ ತಲೆಯಲ್ಲಿ "ರತ್ನಾಗಿರಿ ಅಣ್ಣ ತಮ್ಮ" ಎಂದಿತ್ತು. ಎಲ್ಲ ಕನ್ನಡದಲ್ಲಿ. ಮರಾಠಿ ಮಾತಾಡುವ ಗಿರಣಿ ಕೆಲಸಗಾರರ ಬಾಕಿ, ತುಳು ಮಾತಾಡುವ ಮ್ಯಾನೇಜರನ ಕೈಯಲ್ಲಿ, ರಾತ್ರಿ ಶಾಲೆಯ ಕನ್ನಡ ಅಕ್ಷರದಲ್ಲಿ. ಎದುರಿಗೆ ಚಹಾ, ವಡೆ, ಉಸಳ್ ಪಾವ್ ಎಂದು ತಿಂದದ್ದು, ಕೊನೆಗೆ ಮೊತ್ತ. ಪಗಾರದ ದಿನ ಮೊತ್ತದ ಮೇಲೆ ಅಡ್ಡಗೆರೆ.

ಜನವರಿಯ ನಂತರದ ಪುಟಗಳಲ್ಲಿ ಅಡ್ಡಗೆರೆಗಳು ನಿಂತುಹೋದವು. ಮೊತ್ತ ಏರುತ್ತಾ ಹೋಯಿತು. ಮೊದಲು ಉಸಳ್ ಪಾವ್ ಹೋಯಿತು, ಆಮೇಲೆ ವಡೆ, ಉಳಿದದ್ದು ಬರೀ ಚಹಾ. ಮಳೆಗಾಲ ಹಿಡಿಯುವ ಹೊತ್ತಿಗೆ ಇನ್ನೊಂದು ಬದಲಾವಣೆ. ಅಪ್ಪ ಪೈಸೆ ಬರೆಯುವುದನ್ನೇ ಬಿಟ್ಟಿದ್ದರು. ಒಂದು ಚಹಾಕ್ಕೆ ಒಂದು ಗೀಟು. ಗೀಟುಗಳ ಸಾಲು ಪುಟದ ಅಂಚಿನವರೆಗೆ ಹೋಗಿ ಕೆಳಗಿನ ಸಾಲಿಗೆ ಇಳಿದಿತ್ತು. ಯಾವುದಕ್ಕೂ ಮೊತ್ತ ಹಾಕಿರಲಿಲ್ಲ. "ರತ್ನಾಗಿರಿ ಅಣ್ಣ ತಮ್ಮ" ಪುಟದಲ್ಲಿ "ತಮ್ಮ" ಎನ್ನುವುದರ ಮೇಲೆ ನವಿರಾದ ಒಂದು ಗೆರೆ ಎಳೆದಿತ್ತು. ತಮ್ಮ ಊರಿಗೆ ಹೊರಟಿರಬೇಕು, ಅಥವಾ ಬೇರೇನೋ. ಅಣ್ಣ ಒಬ್ಬನೇ ಚಹಾ ಕುಡಿಯಲು ಬರುತ್ತಿದ್ದ.

ಲೆಕ್ಕದ ವಿಷಯದಲ್ಲಿ ನಮ್ಮ ಅಪ್ಪ ಎಷ್ಟು ಖಡಕ್ ಎಂದು ಗೊತ್ತಿದ್ದವರಿಗೆ ಮಾತ್ರ ಆ ಗೀಟುಗಳ ಅರ್ಥವಾದೀತು. ತರಕಾರಿ ತಂದರೆ ನಾಲ್ಕಾಣೆಗೂ ಲೆಕ್ಕ ಬರೆಯುತ್ತಿದ್ದ ಮನುಷ್ಯ. ಕೂಡಿಸಿದರೆ ಕೇಳಬೇಕಾಗುತ್ತದೆ ಎಂದು ಕೂಡಿಸದೆ ಬಿಟ್ಟರೋ, ಕೂಡಿಸಿ ಪ್ರಯೋಜನವಿಲ್ಲ ಎಂದೋ, ಮಾಲೀಕರಿಗೆ ಮೊತ್ತ ಕಾಣಬಾರದೆಂದೋ. ಕೇಳೋಣವೆಂದರೆ ಅವರಿಲ್ಲ. ಕಥೆಗೆ ಈ ಮೂರರಲ್ಲಿ ಒಂದನ್ನು ಆರಿಸುವ ಅಗತ್ಯವೂ ಇಲ್ಲ ಎಂದು ನನಗೆ ಅನಿಸಿತು. ಮೂರೂ ಇದ್ದರೆ ಮನುಷ್ಯ ಪೂರ್ತಿಯಾಗುತ್ತಾನೆ.

ಆದರೆ ಪುಸ್ತಕ ಸಿಕ್ಕಿದ ಮಾತ್ರಕ್ಕೆ ಕಥೆ ಸಿಗುವುದಿಲ್ಲ. ಇದು ಇನ್ನೂ ಅಪ್ಪನ ದುಃಖ, ನನ್ನದಲ್ಲ. ಎರಡೂ ಸೇರುವ ಜಾಗ ಎಲ್ಲಿದೆ ಎಂದು ಡೈರಿ ತೆಗೆದು ಹಿಂದಿನಿಂದ ಓದುತ್ತಾ ಬಂದೆ. ಒಂದು ಸಾಲು ಕಣ್ಣಿಗೆ ಬಿತ್ತು: "ಆಸ್ಪತ್ರೆಯ ಬಿಲ್ಲುಗಳ ಫೈಲ್ ಇವತ್ತೂ ತೆರೆಯಲಿಲ್ಲ." ಅದೇ ಸಾಲು ಬೇರೆ ಬೇರೆ ತಾರೀಕಿನಲ್ಲಿ ಮತ್ತೆ ಮತ್ತೆ ಇತ್ತು. ದಿನವಿಡೀ ಬ್ಯಾಂಕಿನಲ್ಲಿ ಊರವರ ಲೆಕ್ಕ ಹೊಂದಿಸುವವಳು ನಾನು, ವಿಮೆಗೆ ಕಳಿಸಬೇಕಾದ ಬಿಲ್ಲುಗಳನ್ನು ಕೂಡಿಸಲು ಕೂತಿರಲಿಲ್ಲ. ಕೂಡಿಸಿದರೆ ಕೊನೆಯ ಅಂಕಿ ಬರುತ್ತದೆ, ಕೊನೆಯ ಅಂಕಿ ಬಂದರೆ ಮುಗಿಯಿತು ಎಂದಾಗುತ್ತದೆ. ಅಪ್ಪನೂ ನಾನೂ ಒಂದೇ ಕೆಲಸ ಮಾಡಿದ್ದೆವು. ಇಬ್ಬರೂ ಕೂಡಿಸಿರಲಿಲ್ಲ.

ಅಂದು ಸಂಜೆ ಹಳೆಯ ಕರಡನ್ನು ಬದಿಗಿಟ್ಟು ಹೊಸದಾಗಿ ಶುರು ಮಾಡಿದೆ. ಮಗಳನ್ನು ಕಥೆಯಿಂದ ತೆಗೆದೆ. ಸಾವನ್ನು ತೆಗೆದೆ. ಕುರ್ಚಿ ಹೋಯಿತು. ಗಲ್ಲಾದ ಹಿಂದೆ ಒಬ್ಬ ಮನುಷ್ಯ, ಎದುರು ಚಹಾ ಕುಡಿಯಲು ಬರುವವರು, 1982ರ ಮಳೆಗಾಲ, ಇಷ್ಟನ್ನೇ ಇಟ್ಟುಕೊಂಡೆ. ಅಚ್ಚಾದ ಕಥೆಯಲ್ಲಿ ಆ ಭಾಗ ಹೀಗಿದೆ:

"ಮಳೆ ಹಿಡಿದ ಮೇಲೆ ಅವನು ಪೈಸೆ ಬರೆಯುವುದನ್ನು ನಿಲ್ಲಿಸಿದ. ಚಹಾಕ್ಕೊಂದು ಗೀಟು. ರಾತ್ರಿ ಶೆಟ್ರು ಲೆಕ್ಕಕ್ಕೆ ಕೂತು ಪುಟ ತಿರುವಿ ಕೇಳಿದರು, 'ಇದೆಲ್ಲ ಸೇರಿ ಎಷ್ಟಾಯಿತು?' 'ಎಣಿಸಿ ಹೇಳುತ್ತೇನೆ' ಅಂದ. ಪೆನ್ನಿನ ಮುಚ್ಚಳ ಹಾಕಿದ. ಹುಡುಗರು ಕುರ್ಚಿಗಳನ್ನು ಟೇಬಲ್ಲಿನ ಮೇಲೆ ಮಗುಚಿ ಇಡುತ್ತಿದ್ದರು. ಅವನು ಎಣಿಸಲಿಲ್ಲ."

ಆಸ್ಪತ್ರೆಯ ಫೈಲು ಎಲ್ಲಿ ಹೋಯಿತು ಎಂದು ಕೇಳಿದರೆ "ಅವನು ಎಣಿಸಲಿಲ್ಲ" ಎನ್ನುವ ಆ ಸಾಲಿಗೆ ಹೋಯಿತು. ಅದನ್ನು ಬರೆದ ರಾತ್ರಿ ನಾನು ಬಹಳ ಹೊತ್ತು ಅತ್ತೆ. ಅಪ್ಪ ಹೋದ ದಿನ ಬಾರದ ಅಳು ಅದು. ಮರುದಿನ ಭಾನುವಾರ ಫೈಲು ತೆರೆದು ಬಿಲ್ಲುಗಳನ್ನು ಕೂಡಿಸಿ ವಿಮೆಗೆ ಕಳಿಸಿದೆ.

ಕಥೆ ಹೊಳೆದ ಮೇಲಿನ ಕೆಲಸ ನಿಧಾನದ್ದು. ನನ್ನ ದಿನದಲ್ಲಿ ಬರೆಯಲು ಸಿಗುವುದು ಬೆಳಗಿನ ಜಾವದ ಸ್ವಲ್ಪ ಹೊತ್ತು, ಮತ್ತು ರೈಲು. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ 48 ಕಿ.ಮೀ. ಕೈ ಬಿಡಿಸಲು ಜಾಗವಿಲ್ಲದ ಲೇಡೀಸ್ ಡಬ್ಬದಲ್ಲಿ ಬರೆಯಲಾಗುವುದಿಲ್ಲ, ಆದರೆ ವಾಕ್ಯವನ್ನು ಬಾಯಲ್ಲಿ ತಿರುಗಿಸಬಹುದು. ಹಿಂದಿನ ದಿನ ಬರೆದದ್ದನ್ನು ನಾನು ಬಾಯಿಪಾಠ ಮಾಡಿಕೊಂಡು ಹೋಗುತ್ತೇನೆ. ಕುರ್ಲಾ ದಾಟುವ ಹೊತ್ತಿಗೆ ಯಾವ ಶಬ್ದ ನಾಲಿಗೆಯಲ್ಲಿ ನಿಲ್ಲಲಿಲ್ಲವೋ ಅದು ಸಾಮಾನ್ಯವಾಗಿ ಬೇಡದ ಶಬ್ದ. ಸುತ್ತ ಭಜನೆ, ಜಗಳ, ಮಡಿಲಿನ ಮೇಲೆ ಮೆಂತ್ಯಸೊಪ್ಪು ಬಿಡಿಸುವವರು, ಫೋನಿನಲ್ಲಿ ಮಗುವಿಗೆ ಟಿಫಿನ್ ಎಲ್ಲಿದೆ ಎಂದು ಹೇಳುವವರು. ಏಕಾಂತ ಬೇಕು ಎಂದು ನನಗೆ ಯಾವತ್ತೂ ಅನಿಸಿಲ್ಲ. ಈ ಗಲಾಟೆಯ ನಡುವೆ ನಿಂತ ವಾಕ್ಯ ಕಾಗದದ ಮೇಲೂ ನಿಲ್ಲುತ್ತದೆ ಎಂಬ ಧೈರ್ಯ ಬಂದಿದೆ.

ಮಾತಿನ ವಿಷಯ ಕಷ್ಟ ಕೊಟ್ಟಿತು. ಕಥೆಯ ಜನ ಆಡುವುದು ಮರಾಠಿ, ಗಲ್ಲಾದವನು ಆಡುವುದು ತುಳು ಮತ್ತು ಹೋಟೆಲಿನ ಮರಾಠಿ, ನಾನು ಬರೆಯುವುದು ಕನ್ನಡ. ಮರಾಠಿಯನ್ನು ಹಾಗೇ ಇಟ್ಟರೆ ಊರಿನಲ್ಲಿರುವ ಓದುಗ ಹೊರಗೆ ನಿಲ್ಲುತ್ತಾನೆ, ಎಲ್ಲವನ್ನೂ ಗ್ರಾಂಥಿಕ ಕನ್ನಡಕ್ಕೆ ತಂದರೆ ಲಾಲ್‌ಬಾಗ್ ಹೋಗಿ ಎಲ್ಲಿಯೋ ಒಂದು ಊರಾಗುತ್ತದೆ. ನಾನು ಮಾಡಿದ್ದು ಇಷ್ಟು: ಮುಂಬಯಿ ಕನ್ನಡಿಗರು ಮನೆಯಲ್ಲಿ ಹೇಗೂ ಬಳಸುವ ಶಬ್ದಗಳನ್ನು ಮಾತ್ರ ಉಳಿಸಿಕೊಂಡೆ. ಪಗಾರ, ಪಾಳಿ, ಭೋಂಗಾ, ಖೋಲಿ, ಗಲ್ಲಾ. ಉಳಿದ ಸಂಭಾಷಣೆಯನ್ನು ಮೊದಲು ತುಳುವಿನಲ್ಲಿ ಜೋರಾಗಿ ಹೇಳಿಕೊಂಡು, ಆಮೇಲೆ ಕನ್ನಡದಲ್ಲಿ ಬರೆದೆ. ತುಳುವಿನಲ್ಲಿ ಹೇಳುವಾಗ ನನಗೆ ಅಲಂಕಾರ ಬರುವುದಿಲ್ಲ. ನಮ್ಮ ಮನೆಯ ಸಿಟ್ಟು, ಪ್ರೀತಿ ಎಲ್ಲ ಆ ಭಾಷೆಯಲ್ಲಿ ಆಗಿಹೋದದ್ದು, ಸುಳ್ಳು ಬಂದರೆ ಕಿವಿಗೆ ಕೂಡಲೇ ಗೊತ್ತಾಗುತ್ತದೆ.

ನಮ್ಮಲ್ಲಿ ಬಾಂದ್ರಾದ ಸಮುದ್ರದ ಎದುರು ಮನೆ ಮಾಡಿಕೊಂಡು ತಮ್ಮ ಹುಟ್ಟೂರು ಹನೇಹಳ್ಳಿಯ ಬಗ್ಗೆ ಬರೆದ ಕಥೆಗಾರ ಯಶವಂತ ಚಿತ್ತಾಲರು ಇದ್ದರು. ಹಗಲು ಕಾರ್ಖಾನೆಯ ರಸಾಯನಶಾಸ್ತ್ರ, ಉಳಿದ ಹೊತ್ತು ಕಥೆ. ಅವರಂಥವರು ಇದೇ ಊರಿನಲ್ಲಿ ಹೀಗೆ ಬದುಕಿ ಬರೆದರು ಎನ್ನುವುದು ನನ್ನಂಥವರಿಗೆ ದೊಡ್ಡ ಆಸರೆ. ಹೊಟ್ಟೆಪಾಡಿನ ಕೆಲಸ ಬರಹವನ್ನು ತಿನ್ನುತ್ತದೆ ಎಂದು ಹೇಳುವವರ ಮಾತು ನನಗೆ ನಾಟುವುದಿಲ್ಲ. ಬ್ಯಾಂಕಿನಲ್ಲಿ ಇಲ್ಲದಿದ್ದರೆ ಮೊತ್ತ ಹಾಕದ ಪುಟದ ಮೇಲೆ ನನ್ನ ಕಣ್ಣು ನಿಲ್ಲುತ್ತಿರಲಿಲ್ಲ.

ಕರಡು ಮುಗಿದ ಮೇಲೆ ಕೆಂಪು ಪೆನ್ನು ಹಿಡಿದು ಭಾವನೆಯ ಹೆಸರುಗಳನ್ನು ಹುಡುಕಿ ಗುರುತು ಹಾಕುತ್ತೇನೆ. ನೋವು, ಸಂಕಟ, ಒಂಟಿತನ, ತಳಮಳ. ಎಲ್ಲವನ್ನೂ ಹೊಡೆದುಹಾಕಬೇಕೆಂದಿಲ್ಲ. ಒಂದೊಂದರ ಹತ್ತಿರವೂ ನಿಂತು, ಇಲ್ಲಿ ಯಾರಾದರೂ ಏನಾದರೂ ಮಾಡುತ್ತಿದ್ದಾರೆಯೇ ಎಂದು ನೋಡುತ್ತೇನೆ. ಮಾಡುತ್ತಿದ್ದರೆ ಹೆಸರು ಬೇಡ. ಯಾರೂ ಏನೂ ಮಾಡುತ್ತಿಲ್ಲವಾದರೆ ಹೆಸರನ್ನು ತೆಗೆಯುವುದಕ್ಕಿಂತ ದೊಡ್ಡ ಕೆಲಸ ಅಲ್ಲಿ ಬಾಕಿ ಇದೆ. ಈ ಕಥೆಯಲ್ಲಿ ಒಂದೇ ಒಂದು ಕಡೆ "ನಾಚಿಕೆ" ಎಂಬ ಶಬ್ದ ಉಳಿಯಿತು. ಚಹಾ ಕುಡಿದ ಅಣ್ಣ ಹೊರಗೆ ಹೋಗುವಾಗ ಗಲ್ಲಾದ ಕಡೆ ನೋಡದೆ ಹೋಗುತ್ತಾನೆ. ಅದು ನಾಚಿಕೆಯೋ ಸಿಟ್ಟೋ ಎಂದು ಗಲ್ಲಾದವನು ಯೋಚಿಸುತ್ತಾನೆ. ಅಲ್ಲಿ ಶಬ್ದ ಬೇಕಿತ್ತು, ಯಾಕೆಂದರೆ ಹೆಸರು ಹುಡುಕುವ ಕಷ್ಟ ಆ ಪಾತ್ರದ್ದೇ.

ಅಚ್ಚಿಗೆ ಕಳಿಸುವ ಮೊದಲು ಅಮ್ಮನಿಗೆ ಓದಿ ಹೇಳಿದೆ. ಮನೆಯವರ ಬದುಕು ಮುಟ್ಟುವ ಕಥೆಯನ್ನು ಮನೆಯವರಿಗೆ ಮೊದಲು ತೋರಿಸುವುದು ನನ್ನ ರೂಢಿ. ಬೇರೆ ಬರಹಗಾರರು ಒಪ್ಪುವುದಿಲ್ಲ, ಹಾಗೆ ಮಾಡಿದರೆ ಧೈರ್ಯ ಕಡಿಮೆಯಾಗುತ್ತದೆ ಅನ್ನುತ್ತಾರೆ. ನನಗೆ ಹಾಗಾಗಿಲ್ಲ. ಅಮ್ಮ ಪೂರ್ತಿ ಕೇಳಿ ಎರಡು ಮಾತು ಹೇಳಿದರು. ಒಂದು, "ಅವರು ಕೂರುತ್ತಿರಲಿಲ್ಲ ಮಗಾ. ಗಲ್ಲಾದಲ್ಲಿ ಸ್ಟೂಲ್ ಇತ್ತು, ಅದರ ಮೇಲೆ ಪೇಪರ್ ಇಡುತ್ತಿದ್ದರು. ಗಿರಾಕಿ ನಿಂತಿರುವಾಗ ಕೂರಬಾರದು ಅನ್ನುತ್ತಿದ್ದರು." ನಾನು ಕಥೆಯಲ್ಲಿ ಅವನನ್ನು ಕೂರಿಸಿದ್ದೆ. ನಿಲ್ಲಿಸಿದೆ. ಅವನನ್ನು ನಿಲ್ಲಿಸಿದ ಕೂಡಲೇ ಇಡೀ ಕಥೆಯ ಎತ್ತರ ಬದಲಾಯಿತು. ಈಗ ಅವನ ಕಣ್ಣೂ ಬಾಕಿದಾರನ ಕಣ್ಣೂ ಒಂದೇ ಮಟ್ಟದಲ್ಲಿ ಇದ್ದವು, ನೋಡದೆ ಹೋಗುವುದು ಇನ್ನೂ ಕಷ್ಟವಾಯಿತು.

ಎರಡನೆಯದು ಒಂದು ವಿವರ ತೆಗೆಯುವಂತೆ ಹೇಳಿದ ಮಾತು. ಆ ಮುಷ್ಕರದ ವರ್ಷ ನಮ್ಮ ಮನೆಯಲ್ಲಿ ನಡೆದದ್ದು. ಏನೆಂದು ಇಲ್ಲಿಯೂ ಬರೆಯುವುದಿಲ್ಲ. ಕಥೆಗೆ ಅದು ಬಹಳ ಚೆನ್ನಾಗಿ ಕೂತಿತ್ತು, ತೆಗೆದಾಗ ಒಂದು ಪುಟವೇ ಸಡಿಲವಾಯಿತು. ಆದರೂ ತೆಗೆದೆ. ಅಪ್ಪನ ಪುಸ್ತಕ ಅಪ್ಪನಿಂದ ನನಗೆ ಬಂದದ್ದು, ಆ ವಿವರ ಅಮ್ಮನದು. ಅಮ್ಮ ಬೇಡ ಎಂದ ಮೇಲೆ ಅದನ್ನು ಬಳಸುವ ಹಕ್ಕು ನನಗಿಲ್ಲ ಎಂದು ಇವತ್ತಿಗೂ ಗಟ್ಟಿಯಾಗಿ ನಂಬಿದ್ದೇನೆ. ಸಡಿಲವಾದ ಪುಟವನ್ನು ಕಟ್ಟಲು ಬಹಳ ಸಮಯ ಹಿಡಿಯಿತು, ಅಷ್ಟೇ.

ಇನ್ನು ಕಥೆ ಮುಗಿದ ಮೇಲಿನ ದಿನಗಳು. ಇದರ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ. ತಿಂಗಳುಗಟ್ಟಲೆ ಒಬ್ಬ ಮನುಷ್ಯನ ಜತೆ ಇದ್ದು ಒಂದು ದಿನ ಕವರಿನಲ್ಲಿ ಹಾಕಿ ಕಳಿಸಿಬಿಟ್ಟರೆ ಮನೆ ಬಿಕೋ ಅನ್ನುತ್ತದೆ. ನನಗೆ ಅಪ್ಪ ಎರಡನೆಯ ಸಲ ಹೋದ ಹಾಗಾಗಿತ್ತು. ಸಣ್ಣದಕ್ಕೆಲ್ಲ ರೇಗುತ್ತಿದ್ದೆ. ಇಂಥ ಹೊತ್ತಿನಲ್ಲಿ ನಾನು ಬರೆಯುವುದಿಲ್ಲ, ನಡೆಯುತ್ತೇನೆ. ಮಾಟುಂಗಾದಲ್ಲಿ ಇಳಿದು ಹೂವಿನ ಅಂಗಡಿಗಳ ಸಾಲು ದಾಟಿ, ಕಿಂಗ್ಸ್ ಸರ್ಕಲ್ಲಿನಲ್ಲಿ ಹಳೆಯ ಪುಸ್ತಕ ಮಾರುವವರ ಹತ್ತಿರ ನಿಂತು, ಫೈವ್ ಗಾರ್ಡನ್ಸ್‌ವರೆಗೆ. ದಾರಿಯಲ್ಲಿ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಕಾಫಿ. ಮೈಸೂರು ಅಸೋಸಿಯೇಷನ್ನಿನಲ್ಲೋ ಕರ್ನಾಟಕ ಸಂಘದಲ್ಲೋ ಕಾರ್ಯಕ್ರಮ ಇದ್ದರೆ ಹಿಂದಿನ ಸಾಲಿನಲ್ಲಿ ಕೂತು ಕನ್ನಡ ಕೇಳಿ ಬರುತ್ತೇನೆ. ಭಾಷಣ ಹೇಗೇ ಇರಲಿ, ವಾರವಿಡೀ ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ಮಾತಾಡಿದ ಕಿವಿಗೆ ಆ ಎರಡು ಗಂಟೆ ಬೇಕೇ ಬೇಕು.

ದುಃಖ ಇದ್ದರೆ ಬರಹ ಚೆನ್ನಾಗಿ ಬರುತ್ತದೆ ಎನ್ನುವ ಮಾತನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಅಪ್ಪ ಹೋದ ಮೊದಲ ತಿಂಗಳುಗಳಲ್ಲಿ ನನ್ನ ಕೈಯಿಂದ ಒಂದು ಒಳ್ಳೆಯ ವಾಕ್ಯವೂ ಬರಲಿಲ್ಲ. ನಿದ್ದೆ ಸರಿಹೋದ ಮೇಲೆ, ಹಸಿವು ಮರಳಿದ ಮೇಲೆ, ಕಣ್ಣು ತಿಳಿಯಾದ ಮೇಲೆ ಕಥೆ ಬಂತು. ನಮ್ಮ ಬರೆಯುವ ಗೆಳತಿಯೊಬ್ಬಳಿಗೆ ನಿದ್ದೆ, ಹಸಿವು ಎರಡೂ ವಾರಗಟ್ಟಲೆ ಹೋಗಿತ್ತು. ಅವಳು ಅದನ್ನು ಬರಹದ ಸಂಕಟ ಅಂದುಕೊಂಡಿದ್ದಳು. ಡಾಕ್ಟರ ಹತ್ತಿರ ಹೋದಳು, ಚಿಕಿತ್ಸೆ ತೆಗೆದುಕೊಂಡಳು, ಈಗ ಮೊದಲಿಗಿಂತ ಚೆನ್ನಾಗಿ ಬರೆಯುತ್ತಿದ್ದಾಳೆ. 2022ರ ಅಕ್ಟೋಬರಿನಿಂದ ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರು 14416, ದುಡ್ಡಿಲ್ಲ, ಹಲವು ಭಾರತೀಯ ಭಾಷೆಗಳಲ್ಲಿ ಮಾತಾಡುತ್ತಾರೆ. ಬರೆಯುವ ಹೆಣ್ಣುಮಕ್ಕಳು ಈ ನಂಬರನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ತನಗಲ್ಲದಿದ್ದರೂ ಇನ್ನೊಬ್ಬಳಿಗೆ ಬೇಕಾದೀತು.

ಮತ್ಸರದ ಬಗ್ಗೆಯೂ ಹೇಳಬೇಕು. ನಮ್ಮ ಬಳಗದಲ್ಲೇ ಯಾರಿಗಾದರೂ ಬಹುಮಾನ ಬಂದಾಗ ಎದೆಯಲ್ಲಿ ಒಂದು ಕ್ಷಣ ಚುಚ್ಚುತ್ತದೆ. ಅದನ್ನು ಅಡಗಿಸಲು ಹೋಗುವುದಿಲ್ಲ. ಬಹುಮಾನ ಬಂದ ಕಥೆಯನ್ನು ತೆಗೆದು ಅದರಲ್ಲಿ ನನಗೆ ಬರೆಯಲಾಗದ ಒಂದು ಪ್ಯಾರಾವನ್ನು ಹುಡುಕಿ ಕೈಯಾರೆ ನನ್ನ ಡೈರಿಯಲ್ಲಿ ನಕಲು ಮಾಡುತ್ತೇನೆ. ಬೆರಳಿನಿಂದ ಬರೆಯುವಾಗ ಆ ಬರಹಗಾರ್ತಿ ಎಲ್ಲಿ ಉಸಿರು ತೆಗೆದುಕೊಂಡಳು, ಎಲ್ಲಿ ತಡೆದಳು ಎಂದು ತಿಳಿಯುತ್ತದೆ. ನಕಲು ಮುಗಿಯುವ ಹೊತ್ತಿಗೆ ಫೋನ್ ಮಾಡಿ ಅಭಿನಂದನೆ ಹೇಳುವಷ್ಟು ಮನಸ್ಸು ಹಗುರಾಗಿರುತ್ತದೆ, ಯಾವ ಪ್ಯಾರಾ ಇಷ್ಟವಾಯಿತು ಎಂದು ಹೇಳಲೂ ಬರುತ್ತದೆ.

ಈಗ ಹಿಡಿದಿರುವುದು ಖಾನಾವಳಿಯ ಹೆಂಗಸರ ಕಥೆ. ಅಪ್ಪನ ಗಿರಾಕಿಗಳು ಎರಡು ಹೊತ್ತು ಊಟ ಮಾಡುತ್ತಿದ್ದದ್ದು ಅವರ ಮನೆಯಲ್ಲಿ. ಚಹಾದ ಬಾಕಿಗೇ ಅಪ್ಪನ ಪುಸ್ತಕ ಅಷ್ಟು ತುಂಬಿದ್ದರೆ ಊಟದ ಬಾಕಿ ಎಷ್ಟಿದ್ದಿರಬೇಡ. ಈ ಹೆಂಗಸರಿಗೆ ಬ್ಯಾಂಕಿನ ಸಾಲ ಸಿಗುವಂತೆ ಮಾಡಲು ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ್ದರು. ಬ್ಯಾಂಕಿನವಳಾದ ನನಗೆ ಅದನ್ನು ಓದಿದಾಗ ಬಹಳ ಅಭಿಮಾನ ಅನಿಸಿತು. ಪರೇಲಿನ ಒಂದು ಚಾಳಿನಲ್ಲಿ ಆ ಕಾಲದಲ್ಲಿ ಖಾನಾವಳಿ ನಡೆಸಿದ ಅಜ್ಜಿಯೊಬ್ಬರು ಸಿಕ್ಕಿದ್ದಾರೆ. ರಜೆ ಇದ್ದಾಗ ಹೋಗಿ ಕೂರುತ್ತೇನೆ. ಮುಷ್ಕರದಲ್ಲಿ ಹೇಗನಿಸಿತು ಎಂದು ಕೇಳುವುದಿಲ್ಲ. ಎಷ್ಟು ಜನ ಉಣ್ಣುತ್ತಿದ್ದರು, ಭಾಕರಿ ಜೋಳದ್ದೋ ಅಕ್ಕಿಯದ್ದೋ, ಸೀಮೆಎಣ್ಣೆಗೆ ಕ್ಯೂ ಎಷ್ಟು ಹೊತ್ತಿಗೆ, ಮೀನು ಯಾವ ವಾರ ಎಂದು ಕೇಳುತ್ತೇನೆ. ಹೋದ ಸಲ ಅವರು, ಕೆಲವರು ತಟ್ಟೆಯನ್ನು ತಾವೇ ತೊಳೆದಿಟ್ಟು ಹೋಗಲು ಶುರು ಮಾಡಿದರು, ಮೊದಲು ಹಾಗೆ ಮಾಡುತ್ತಿರಲಿಲ್ಲ ಎಂದರು. ಬರೆದುಕೊಂಡಿದ್ದೇನೆ. ಅವರ ದುಃಖಕ್ಕೆ ಸೇರುವ ನನ್ನದೇನು ಎಂದು ಡೈರಿಯಲ್ಲಿ ಇನ್ನೂ ಹುಡುಕುತ್ತಿದ್ದೇನೆ. ಅಲ್ಲಿಯವರೆಗೆ ಕಥೆ ಶುರು ಮಾಡುವುದಿಲ್ಲ. ಮುಂದಿನ ಸಲ ಹೋದಾಗ ಅಕ್ಕಿಯನ್ನು ಯಾವ ಅಳತೆಯಲ್ಲಿ ಕೊಳ್ಳುತ್ತಿದ್ದರು, ಅಂಗಡಿಯವನು ಅವರಿಗೆ ಉದ್ರಿ ಕೊಡುತ್ತಿದ್ದನೇ ಎಂದು ಕೇಳುವುದಿದೆ.